ಮಳೆ, ರೈಲ್ವೆ ಪ್ಲಾಟ್‌ಫಾರ್ಮ್, ಬಿಳಿ ಗಿಟಾರ್: 1964ರ ಮ್ಯಾಂಚೆಸ್ಟರ್ ಕಛೇರಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಒಂದು ಹಳೇ ಕಪ್ಪು ಬಿಳುಪು ವಿಡಿಯೊ ತುಣುಕನ್ನು ನಾನು ಸಿಕ್ಕಸಿಕ್ಕವರಿಗೆಲ್ಲ ಕಳಿಸುತ್ತಿರುತ್ತೇನೆ. ನೋಡಿದವರು ಸುಮ್ನೆ ಇರುವುದಿಲ್ಲ, ಏನಾದರೂ ಕೇಳುತ್ತಾರೆ. ಫೋನಿನಲ್ಲಿ, ಪತ್ರದಲ್ಲಿ, ಕಾಮೆಂಟಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಕೂಡ. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೇನೆ. ಸುಲಭದ್ದು ಮೊದಲು, ಆಳದ್ದು ಆಮೇಲೆ.

## ಮೊದಲ ಪರಿಚಯ

ಯಾವ ಕಾರ್ಯಕ್ರಮ ಅದು? ಒಂದ್ಸಲ ಸರಿಯಾಗಿ ಹೇಳಿಬಿಡಿ.

1964ರ ಮೇ 7ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಗ್ರಾನಡಾ ಟೆಲಿವಿಷನ್‌ನವರು ಚಿತ್ರೀಕರಿಸಿದ ಕಛೇರಿ. ಹೆಸರು 'ಬ್ಲೂಸ್ ಆ್ಯಂಡ್ ಗಾಸ್ಪೆಲ್ ಟ್ರೇನ್'. ಅಮೆರಿಕದ ಕಪ್ಪು ಕಲಾವಿದರ ಒಂದು ತಂಡ ಆ ವರ್ಷದ ಏಪ್ರಿಲ್, ಮೇ ತಿಂಗಳಲ್ಲಿ ಇಂಗ್ಲೆಂಡ್ ಸುತ್ತಲು ಬಂದಿತ್ತು. ಆ ತಂಡವನ್ನೇ ಒಂದು ಮುಚ್ಚಿದ ರೈಲ್ವೆ ಸ್ಟೇಷನ್ನಿಗೆ ಕರೆತಂದು ಹಾಡಿಸಿದರು. ಸಿಸ್ಟರ್ ರೊಸೆಟಾ ಥಾರ್ಪ್, ಮಡ್ಡಿ ವಾಟರ್ಸ್, ಸನ್ನಿ ಟೆರಿ ಮತ್ತು ಬ್ರೌನಿ ಮೆಕ್‌ಗೀ ಜೋಡಿ, ಕಸಿನ್ ಜೋ ಪ್ಲೆಸೆಂಟ್, ಪಿಯಾನೊದಲ್ಲಿ ಓಟಿಸ್ ಸ್ಪ್ಯಾನ್. ಒಬ್ಬೊಬ್ಬರದೂ ಒಂದೊಂದು ದಾರಿ. ಗಾಸ್ಪೆಲ್, ಬ್ಲೂಸ್, ರಾಕ್ ಮೂರನ್ನೂ ಒಂದೇ ಪ್ಲಾಟ್‌ಫಾರ್ಮಿನ ಮೇಲೆ, ಒಂದೇ ಸಂಜೆ ನೋಡಬೇಕು ಅನ್ನುವವರಿಗೆ ನಾನು ಮೊದಲು ತೋರಿಸುವುದು ಇದನ್ನೇ.

ಗಾಸ್ಪೆಲ್, ಬ್ಲೂಸ್, ರಾಕ್... ನನಗೆ ಎಲ್ಲಾ ಒಂದೇ ಥರ ಕೇಳುತ್ತೆ. ವ್ಯತ್ಯಾಸ ಏನು?

ಒಂದೇ ಥರ ಕೇಳಿಸಿದರೆ ನಿಮ್ಮ ಕಿವಿ ಸರಿಯಾಗೇ ಇದೆ. ಮೂರೂ ಒಂದೇ ಮನೆಯ ಮಕ್ಕಳು, ದೊಡ್ಡವರಾದ ಮೇಲೆ ಪಾಲಾದವರು. ಗಾಸ್ಪೆಲ್ ಎಂದರೆ ಕಪ್ಪು ಅಮೆರಿಕನ್ನರ ಚರ್ಚಿನ ಹಾಡು, ದೇವರ ಜೊತೆಗಿನ ಮಾತು. ಬ್ಲೂಸ್ ಅದೇ ಜನ ಹೊಲದಲ್ಲಿ, ಹೆಂಡದಂಗಡಿಯಲ್ಲಿ, ಒಬ್ಬಂಟಿಯಾಗಿ ಹಾಡಿಕೊಂಡಿದ್ದು. ಬಿಟ್ಟು ಹೋದ ಹೆಂಡತಿ, ಬಾಕಿ ಇರುವ ಬಾಡಿಗೆ, ಊರು ಬಿಡುವ ರೈಲು. ಇವೆರಡರ ರಾಗವನ್ನೂ ಲಯವನ್ನೂ ತಗೊಂಡು, ಕರೆಂಟ್ ಗಿಟಾರಿನ ಸದ್ದು ಏರಿಸಿ, ಡ್ರಮ್ ಜೋರು ಮಾಡಿ ಕುಣಿಯೋಕೆ ಕಟ್ಟಿದ್ದು ರಾಕ್ ಆ್ಯಂಡ್ ರೋಲ್.

ಹಾಗಾಗಿ 'ಮೂರನ್ನು ಬೆರೆಸಿದ ಕಛೇರಿ' ಎಂಬ ಮಾತು ನನಗೆ ಯಾವತ್ತೂ ಪೂರ್ತಿ ಒಪ್ಪಿಗೆಯಾಗಿಲ್ಲ. ಬೇರೆ ಬೇರೆ ಇದ್ದದ್ದನ್ನು ತಂದು ಬೆರೆಸಿದ್ದಲ್ಲ ಅದು. ಮಧ್ಯೆ ಎದ್ದಿದ್ದ ಗೋಡೆಯನ್ನು ಆ ಒಂದು ಸಂಜೆ ಲೆಕ್ಕಕ್ಕೆ ಹಿಡಿಯಲಿಲ್ಲ, ಅಷ್ಟೇ.

ಗಿಟಾರ್ ಹಿಡಿದಿರೋ ಆ ಅಮ್ಮ ಯಾರು?

ರೊಸೆಟಾ ಥಾರ್ಪ್. 1915ರ ಮಾರ್ಚ್ 20ರಂದು ಅರ್ಕನ್ಸಾ ರಾಜ್ಯದ ಕಾಟನ್ ಪ್ಲಾಂಟ್ ಎಂಬ ಊರಲ್ಲಿ ಹುಟ್ಟಿದವರು. ತಾಯಿ ಕೇಟಿ ಬೆಲ್ ನೂಬಿನ್ ಮ್ಯಾಂಡಲಿನ್ ನುಡಿಸುತ್ತಾ ಧರ್ಮಬೋಧೆ ಮಾಡುತ್ತಿದ್ದರು. ಮಗಳು ಆರೇಳು ವರ್ಷಕ್ಕೇ ಗಿಟಾರ್ ಹಿಡಿದು ಅಮ್ಮನ ಪಕ್ಕ ನಿಂತಳು. ಆಮೇಲೆ ಇಬ್ಬರೂ ಶಿಕಾಗೊಗೆ ಹೋದರು.

1938ರಲ್ಲಿ ನ್ಯೂಯಾರ್ಕಿನ ಕಾಟನ್ ಕ್ಲಬ್ ಎಂಬ ನೈಟ್ ಕ್ಲಬ್, ಡೆಕ್ಕಾ ಕಂಪನಿಯ ಗ್ರಾಮಫೋನ್ ತಟ್ಟೆಗಳು, ಅದೇ ಡಿಸೆಂಬರ್ 23ಕ್ಕೆ ಕಾರ್ನೆಗಿ ಹಾಲ್ ಎಂಬ ಹೆಸರಾಂತ ಸಭಾಂಗಣ. 1951ರಲ್ಲಿ ವಾಷಿಂಗ್ಟನ್ನಿನ ಗ್ರಿಫಿತ್ ಸ್ಟೇಡಿಯಂನಲ್ಲಿ ತಮ್ಮ ಮೂರನೇ ಮದುವೆಯನ್ನೇ ಕಛೇರಿ ಮಾಡಿದರು. 20,000ಕ್ಕೂ ಜಾಸ್ತಿ ಜನ ಟಿಕೆಟ್ ಕೊಂಡು ಬಂದಿದ್ದರು, ತಾಳಿ... ಅಲ್ಲ, ಉಂಗುರದ ಶಾಸ್ತ್ರ ಮುಗಿದ ಮೇಲೆ ಹಾಡು, ಪಟಾಕಿ ಎಲ್ಲಾ ನಡೆಯಿತು. ಮ್ಯಾಂಚೆಸ್ಟರಿಗೆ ಬಂದಾಗ ಅವರಿಗೆ 49 ವರ್ಷ.

ಸಿಸ್ಟರ್ ಅಂದ್ರೆ ಸನ್ಯಾಸಿನಿನಾ? ಮತ್ತೆ ಮದುವೆ ಅಂತೀರಿ?

ಅಲ್ಲ. ಅವರು ಬೆಳೆದ ಚರ್ಚ್ ಆಫ್ ಗಾಡ್ ಇನ್ ಕ್ರೈಸ್ಟ್ ಎಂಬ ಪಂಥದಲ್ಲಿ ಹೆಂಗಸರನ್ನು 'ಸಿಸ್ಟರ್' ಎಂದು ಕರೆಯುವುದು ರೂಢಿ. ನಮ್ಮಲ್ಲಿ ಶರಣೆಯರನ್ನು ಅಕ್ಕ ಅನ್ನುವ ಹಾಗೆ. ಥಾರ್ಪ್ ಎಂಬುದು ಮೊದಲ ಗಂಡ, ಧರ್ಮಬೋಧಕ ಥಾಮಸ್ ಥಾರ್ಪ್ ಕಡೆಯಿಂದ ಬಂದ ಹೆಸರು. ಮದುವೆ ಮುರಿಯಿತು, ಹೆಸರು ಉಳಿಯಿತು.

ಒಳ್ಳೆ ಸಭಾಂಗಣ ಬಿಟ್ಟು ರೈಲ್ವೆ ಸ್ಟೇಷನ್ನಿಗೆ ಯಾಕೆ ಹೋದ್ರು?

ನಿರ್ಮಾಪಕ ಜಾನಿ ಹ್ಯಾಂಪ್ ಅವರಿಗೆ ಟಿವಿ ಸ್ಟುಡಿಯೊದ ಗೋಡೆ ಬೇಡವಾಗಿತ್ತು. ವಿಲ್ಬ್ರಹಾಮ್ ರೋಡ್ ಸ್ಟೇಷನ್ 1958ರಲ್ಲೇ ಪ್ರಯಾಣಿಕರಿಗೆ ಮುಚ್ಚಿತ್ತು, ಆದರೆ ಹಳಿ ಇನ್ನೂ ಇತ್ತು. ಅದಕ್ಕೆ ಅಮೆರಿಕದ ದಕ್ಷಿಣದ ಹಳೇ ಸ್ಟೇಷನ್ನಿನ ವೇಷ ಹಾಕಿ 'ಚಾರ್ಲ್ಟನ್‌ವಿಲ್' ಎಂದು ಬೋರ್ಡ್ ಬರೆದರು. ಕೇಳುಗರನ್ನು ಮ್ಯಾಂಚೆಸ್ಟರ್ ಸೆಂಟ್ರಲ್‌ನಿಂದ ನಿಜವಾದ ರೈಲಿನಲ್ಲೇ ಕರೆತಂದು ಒಂದು ಪ್ಲಾಟ್‌ಫಾರ್ಮಿನಲ್ಲಿ ಕೂರಿಸಿದರು. ಹಾಡುವವರು ಎದುರಿನ ಪ್ಲಾಟ್‌ಫಾರ್ಮಿನಲ್ಲಿ, ಮಧ್ಯೆ ಹಳಿ.

ಬ್ಲೂಸ್‌ಗೆ ರೈಲು ಸುಮ್ನೆ ಅಲಂಕಾರವಲ್ಲ. ಹತ್ತಿ ಹೊಲದ ದುಡಿಮೆ, ಜಾತಿಯಷ್ಟೇ ಕ್ರೂರವಾದ ಬಣ್ಣದ ಭೇದ, ಎಲ್ಲ ಬಿಟ್ಟು ಲಕ್ಷಾಂತರ ಕಪ್ಪು ಜನ ಉತ್ತರದ ಶಿಕಾಗೊ, ಡೆಟ್ರಾಯಿಟ್‌ಗಳಿಗೆ ಹೊರಟಿದ್ದು ರೈಲು ಹತ್ತಿಯೇ. ಆ ಹಾಡುಗಳಲ್ಲಿ ರೈಲಿನ ಕೂಗು ಕೇಳಿದಾಗಲೆಲ್ಲ ಒಬ್ಬರು ಹೋಗುತ್ತಿರುತ್ತಾರೆ, ಒಬ್ಬರು ಉಳಿಯುತ್ತಿರುತ್ತಾರೆ.

ಮಳೆ ನಿಜವಾದದ್ದಾ, ಸಿನಿಮಾ ಮಳೆನಾ?

ನಿಜವಾದ ಮ್ಯಾಂಚೆಸ್ಟರ್ ಮಳೆ. ಯಾರೂ ಕರೆದಿರಲಿಲ್ಲ. ಚಿತ್ರೀಕರಣದ ಹೊತ್ತಿಗೇ ಸುರಿಯಿತು. ಆಗ ರೊಸೆಟಾ ಮಾಡಿದ ಕೆಲಸ ನೋಡಿ, ಅದಕ್ಕೇ ನಾನು ಈ ಕಛೇರಿಗೆ ಇಷ್ಟು ಮನಸೋತಿರುವುದು. ಮೊದಲ ಹಾಡನ್ನು ಬದಲಾಯಿಸಬಹುದೇ ಎಂದು ನಿರ್ಮಾಪಕರನ್ನು ಕೇಳಿದರು. ಬದಲಿಗೆ ಎತ್ತಿಕೊಂಡಿದ್ದು 'ಡಿಡಂಟ್ ಇಟ್ ರೇನ್'. ಬೈಬಲ್ಲಿನ ನೋಹನ ಕಾಲದ ಮಹಾ ಮಳೆಯನ್ನು ನೆನೆಯುವ ಹಳೇ ಚರ್ಚ್ ಹಾಡು ಅದು.

ಕುದುರೆ ಗಾಡಿಯಲ್ಲಿ ಬಂದಿಳಿಯುತ್ತಾರೆ. ಕಸಿನ್ ಜೋ ಕೈ ಹಿಡಿದು ಕರೆತರುತ್ತಾರೆ. ಉದ್ದದ ಕೋಟು, ಎತ್ತರದ ಹಿಮ್ಮಡಿಯ ಚಪ್ಪಲಿ, ಕೆಳಗೆ ನೀರು ನಿಂತ ಪ್ಲಾಟ್‌ಫಾರ್ಮ್. ಗಿಟಾರ್ ಕೊರಳಿಗೆ ಹಾಕಿಕೊಂಡು ಒಂದು ಸಲ ತಂತಿ ಮೀಟಿದ ಕೂಡಲೇ ಎದುರು ಕೂತ ಒದ್ದೆ ಹುಡುಗ ಹುಡುಗಿಯರ ಮುಖ ಬದಲಾಗುತ್ತದೆ. ಬೇಕೆಂದರೂ ಹೀಗೆ ಹೊಂದಿಸಲು ಆಗುತ್ತಿರಲಿಲ್ಲ. ಆದರೆ ಹೊಂದಿ ಬಂದದ್ದು ಬರೀ ಅದೃಷ್ಟದಿಂದಲ್ಲ. ಯಾವ ಹೊತ್ತಿಗೆ ಯಾವ ಹಾಡು ಎಂದು ಜನರ ಮುಖ ನೋಡಿ ತೀರ್ಮಾನಿಸುವುದನ್ನು ಅವರು ಚಿಕ್ಕಂದಿನಲ್ಲಿ ಚರ್ಚಿನಲ್ಲೇ ಕಲಿತಿದ್ದರು.

ಒದ್ದೆ ನೆಲದಲ್ಲಿ ಕರೆಂಟ್ ಗಿಟಾರ್! ಶಾಕ್ ಹೊಡೆಯಲ್ವಾ?

ಹೊಡೆಯಬಹುದು, ಅಪಾಯ ನಿಜ. ಗಿಟಾರಿನೊಳಗೆ ಮನೆ ಕರೆಂಟ್ ಇರುವುದಿಲ್ಲ. ಆದರೆ ಅದರ ತಂತಿ ಆ್ಯಂಪ್ಲಿಫೈಯರಿನ ಅರ್ತ್‌ಗೆ ಸೇರಿರುತ್ತದೆ. ಆ್ಯಂಪ್ ಕೆಟ್ಟು ಅದರ ಮೈಗೆ ಕರೆಂಟ್ ಬಂದರೆ, ಅರ್ತ್ ಸರಿ ಇಲ್ಲದಿದ್ದರೆ, ತಂತಿಗೂ ಬರುತ್ತದೆ. ಕೈ ತಂತಿಯ ಮೇಲೆ, ತುಟಿ ಮೈಕಿಗೆ ತಾಗಿತು ಅಂದ್ರೆ ಮುಗಿಯಿತು. 1972ರ ಮೇ 3ರಂದು ವೇಲ್ಸ್‌ನ ಸ್ವಾನ್ಸಿಯಲ್ಲಿ ಲೆಸ್ ಹಾರ್ವಿ ಎಂಬ ಗಿಟಾರ್ ವಾದಕರು ವೇದಿಕೆಯ ಮೇಲೇ ಹೀಗೆ ತೀರಿಕೊಂಡರು.

ನನಗೂ ಒಮ್ಮೆ ಗಣೇಶನ ಪೆಂಡಾಲಿನಲ್ಲಿ ಮೈಕ್ ತಾಗಿ ತುಟಿ ಸುಟ್ಟ ಹಾಗಾಗಿತ್ತು. ಹಿಂದಿನ ರಾತ್ರಿ ಮಳೆ ಬಂದಿತ್ತು, ಅರ್ತ್ ವೈರನ್ನು ಯಾರೋ ಕಿತ್ತು ಪಕ್ಕಕ್ಕೆ ಇಟ್ಟಿದ್ದರು. ದಯವಿಟ್ಟು ಮಳೆಯಲ್ಲಿ ತೆರೆದ ವೇದಿಕೆ ಮೇಲೆ ನುಡಿಸಬೇಡಿ. ನುಡಿಸಲೇಬೇಕಾದರೆ ಎಲೆಕ್ಟ್ರಿಷಿಯನ್ ಕೈಲಿ ಅರ್ತ್ ನೋಡಿಸಿ, ಕರೆಂಟ್ ಸೋರಿದರೆ ತಾನೇ ಕಡಿಯುವ ಇಎಲ್‌ಸಿಬಿ ಹಾಕಿಸಿ, ಕಾಲಿಗೆ ಒಣಗಿದ ರಬ್ಬರ್ ಮ್ಯಾಟ್ ಇರಲಿ.

## ಕೇಳುವುದು ಹೇಗೆ

ಇದು ನಮ್ಮ ಭಜನೆ ಥರಾನೇ ಅಲ್ವಾ? ಒಬ್ಬರು ಹೇಳೋದು, ಎಲ್ಲರೂ ತಿರುಗಿ ಹೇಳೋದು.

ಹತ್ತಿರ ಇದೆ. ಒಬ್ಬರು ಎತ್ತಿಕೊಡುತ್ತಾರೆ, ಗುಂಪು ಹಿಡಿಯುತ್ತದೆ, ಲಯ ಏರುತ್ತದೆ, ಏರಿದಂತೆ ಯಾರೋ ಎದ್ದು ಕುಣಿಯುತ್ತಾರೆ. ಏಕಾದಶಿ ರಾತ್ರಿ ಭಜನೆಗೆ ಕೂತವರಿಗೆ ಗಾಸ್ಪೆಲ್ ಹೊಸದಾಗಿ ಕಾಣುವುದೇ ಇಲ್ಲ.

ಆದರೆ ಎರಡು ಕಡೆ ಬೇರೆ. ಭಜನೆಯಲ್ಲಿ ಗುಂಪು ಸಾಮಾನ್ಯವಾಗಿ ಅದೇ ಸಾಲನ್ನು, ಅದೇ ಸ್ವರದಲ್ಲಿ ಹೇಳುತ್ತದೆ. ಗಾಸ್ಪೆಲ್‌ನಲ್ಲಿ ಗುಂಪಿನ ಉತ್ತರ ಬೇರೆ ಮಾತಿರಬಹುದು, ಅದೂ ಮೂರು ಬೇರೆ ಸ್ವರಗಳಲ್ಲಿ ಒಟ್ಟಿಗೆ: ಹೆಂಗಸರದು ಎರಡು, ಗಂಡಸರದು ಒಂದು. ಇನ್ನೊಂದು, ಹಾಡಿನ ಕೊನೆ ಗಟ್ಟಿಯಾಗಿ ಕಟ್ಟಿರುವುದಿಲ್ಲ. ಎರಡೇ ಎರಡು ಮಾತಿನ ತುಂಡನ್ನು ಗುಂಪು ಹೇಳುತ್ತಲೇ ಇರುತ್ತದೆ, ಮುಂದೆ ನಿಂತು ಹಾಡುವವರು ಅದರ ಮೇಲೆ ಮನಸ್ಸಿಗೆ ಬಂದದ್ದನ್ನು ಹಾಡುತ್ತಾ ಹೋಗುತ್ತಾರೆ. ಜನ ಬಿಡುವವರೆಗೂ ಹಾಡು ಮುಗಿಯುವುದಿಲ್ಲ. ಬ್ಲೂಸ್‌ನಲ್ಲಿ ಗುಂಪಿಲ್ಲ, ಅಲ್ಲಿ ಉತ್ತರ ಕೊಡುವುದು ಗಿಟಾರ್. ರೊಸೆಟಾ ಒಂದು ಸಾಲು ಹಾಡಿ ಬಾಯಿ ಮುಚ್ಚಿದ ಕೂಡಲೇ ಗಿಟಾರ್ ಆ ಮಾತಿಗೆ ಹೂಂಗುಟ್ಟುತ್ತದೆ, ಗಮನಿಸಿ.

ಚಪ್ಪಾಳೆ ಎಲ್ಲಿ ತಟ್ಟಬೇಕು? ನಾನು ತಟ್ಟಿದ್ರೆ ಎಲ್ಲರದಕ್ಕಿಂತ ಬೇರೆ ಬರುತ್ತೆ.

ನಾವು ಆದಿತಾಳದಲ್ಲಿ ಬೆಳೆದವರು, ಮೊದಲ ಏಟಿಗೇ ಕೈ ಬೀಳುತ್ತದೆ. ಇಲ್ಲಿ ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸಿ ಎರಡಕ್ಕೂ ನಾಲ್ಕಕ್ಕೂ ತಟ್ಟಬೇಕು. ಒಂದಕ್ಕೂ ಮೂರಕ್ಕೂ ಕಾಲು ನೆಲಕ್ಕೆ ಬೀಳಲಿ, ಕೈ ತಡವಾಗಿ ಬರಲಿ. ಐದು ನಿಮಿಷ ಹೀಗೆ ಮಾಡಿದರೆ ಮೈ ತಾನಾಗೇ ಪಕ್ಕಕ್ಕೆ ತೂಗುತ್ತದೆ. ರಾಕ್ ಡ್ರಮ್ಮಿನಲ್ಲಿ ಆ ಎರಡು, ನಾಲ್ಕರ ಚಪ್ಪಾಳೆಯ ಜಾಗಕ್ಕೇ ಸ್ನೇರ್ ಡ್ರಮ್ಮಿನ ಏಟು ಬೀಳುತ್ತದೆ.

ಬ್ಲೂಸ್‌ನಲ್ಲಿ ಒಂದೇ ಸಾಲನ್ನ ಎರಡೆರಡು ಸಲ ಯಾಕೆ ಹಾಡ್ತಾರೆ? ಸಾಹಿತ್ಯ ಸಾಲದೇ ಹೋಯ್ತಾ?

ಸಾಲದೇ ಅಲ್ಲ, ಅದೇ ಅದರ ಕಟ್ಟು. ಮೂರು ಸಾಲಿನ ಪದ್ಯ. ಮೊದಲ ಸಾಲು, ಅದೇ ಸಾಲು ಇನ್ನೊಮ್ಮೆ, ಆಮೇಲೆ ಅದಕ್ಕೆ ಕೊಡುವ ಮಾತು. ಕನ್ನಡದಲ್ಲಿ ನಾನೇ ಕಟ್ಟಿ ತೋರಿಸುತ್ತೇನೆ:

ನಿನ್ನೆ ಸಂಜೆ ಬಸ್ಸು ಹೋಯ್ತು, ನಾನು ಸ್ಟ್ಯಾಂಡಲ್ಲೇ ಉಳಿದೆ
ನಿನ್ನೆ ಸಂಜೆ ಬಸ್ಸು ಹೋಯ್ತು ಕಣೋ, ನಾನು ಸ್ಟ್ಯಾಂಡಲ್ಲೇ ಉಳಿದೆ
ಕಿಟಕೀಲಿ ಅವಳ ಕೈ ಕಂಡಿತು, ನನಗಲ್ಲ ಅಂತ ತಿಳಿದೆ

ಮೊದಲ ಸಲ ಸುದ್ದಿ, ಎರಡನೇ ಸಲ ನೋವು. ಮಾತು ಅದೇ ಆದರೂ ಕೆಳಗಿನ ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗಳ ಗೊಂಚಲು) ಬದಲಾಗಿರುತ್ತದೆ. ಸಾಲಿಗೆ ನಾಲ್ಕು ಬಾರ್ (ಒಂದು ಬಾರ್ ಎಂದರೆ ನಾಲ್ಕು ಎಣಿಕೆಯ ಒಂದು ಸುತ್ತು), ಒಟ್ಟು ಹನ್ನೆರಡು ಬಾರ್. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಮೊದಲ ಸಾಲು ಷಡ್ಜದ ಕಾರ್ಡಿನಲ್ಲಿ, ಎರಡನೆಯದು ಮಧ್ಯಮದಿಂದ ಶುರುವಾಗಿ ವಾಪಸ್ ಷಡ್ಜಕ್ಕೆ, ಮೂರನೆಯದು ಪಂಚಮಕ್ಕೆ ಏರಿ ಇಳಿದು ಮನೆ ಸೇರುತ್ತದೆ. ರಾಕ್ ಆ್ಯಂಡ್ ರೋಲ್‌ನ ಎಷ್ಟೋ ಹಾಡುಗಳ ಅಡಿಪಾಯ ಇಷ್ಟೇ.

ಮಡ್ಡಿ ವಾಟರ್ಸ್ ಭಾಗ ಸ್ವಲ್ಪ ಸಪ್ಪೆ ಅನ್ನಿಸ್ತು. ಅಷ್ಟು ದೊಡ್ಡ ಹೆಸರು ಯಾಕೆ?

ಸಪ್ಪೆ ಅಲ್ಲ, ಅವರು ಅವತ್ತು ತಗ್ಗಿಸಿ ಹಾಡುತ್ತಿದ್ದಾರೆ. ಸೂಟ್‌ಕೇಸ್ ಹಿಡಿದು ಪ್ಲಾಟ್‌ಫಾರ್ಮಿನಲ್ಲಿ ನಡೆದು ಬರುವಾಗಿನ ಆ ಗತ್ತು ನೋಡಿ. ಅರಚುವ ಅಗತ್ಯವೇ ಇಲ್ಲದ ಮನುಷ್ಯ.

ನಿಜವಾದ ಹೆಸರು ಮೆಕಿನ್ಲಿ ಮಾರ್ಗನ್‌ಫೀಲ್ಡ್. ಮಿಸಿಸಿಪ್ಪಿಯ ಸ್ಟೋವಾಲ್ ತೋಟದಲ್ಲಿ ದುಡಿಯುತ್ತಿದ್ದಾಗ 1941ರಲ್ಲಿ ಜಾನಪದ ಸಂಗ್ರಾಹಕ ಅಲನ್ ಲೋಮಾಕ್ಸ್ ಬಂದು ಅವರ ಹಾಡು ಮುದ್ರಿಸಿಕೊಂಡರು. 1943ರಲ್ಲಿ ಶಿಕಾಗೊ ರೈಲು ಹತ್ತಿದರು. ಅಲ್ಲಿನ ಗಲಾಟೆಯ ಕ್ಲಬ್ಬುಗಳಲ್ಲಿ ಮರದ ಗಿಟಾರ್ ಯಾರಿಗೂ ಕೇಳುವುದಿಲ್ಲ, ಹಾಗಾಗಿ ಕರೆಂಟಿನದಕ್ಕೆ ಕೈ ಹಾಕಿದರು. ಹೊಲದ ಬ್ಲೂಸ್ ನಗರದ ಬ್ಲೂಸ್ ಆಗಿದ್ದು ಅಲ್ಲಿ. ಅವರ 1950ರ ಒಂದು ಹಾಡಿನಿಂದಲೇ ಇಂಗ್ಲೆಂಡಿನ ರೋಲಿಂಗ್ ಸ್ಟೋನ್ಸ್ ರಾಕ್ ತಂಡಕ್ಕೆ ಹೆಸರು ಬಂದಿದ್ದು.

1958ರಲ್ಲಿ ಇಂಗ್ಲೆಂಡಿಗೆ ಮೊದಲು ಬಂದಾಗ ಅವರ ಗಿಟಾರ್ ಜೋರಾಯಿತು ಎಂದು ಕೆಲವರು ಮುಖ ಕಿವುಚಿದರು. 1963ರಲ್ಲಿ ಮರದ ಗಿಟಾರ್ ತಂದರೆ ಹುಡುಗರು ಕರೆಂಟ್ ಗಿಟಾರ್ ಎಲ್ಲಿ ಎಂದರು. ಐದೇ ವರ್ಷದಲ್ಲಿ ಕಿವಿ ಅಷ್ಟು ಬದಲಾಗಿತ್ತು.

ಮೌತ್ ಆರ್ಗನ್‌ನಲ್ಲಿ ರೈಲು ಓಡಿಸ್ತಾರಲ್ಲ, ಅದು ಹೇಗೆ?

ಸನ್ನಿ ಟೆರಿ. ಹುಡುಗನಾಗಿದ್ದಾಗ ಎರಡು ಅಪಘಾತಗಳಲ್ಲಿ ಕಣ್ಣು ಹೋಯಿತು, ಹೊಟ್ಟೆಪಾಡಿಗೆ ಮೌತ್ ಆರ್ಗನ್ ಹಿಡಿದರು. ಗುಟ್ಟು ಇರುವುದು ಉಸಿರನ್ನು ಒಳಗೆ ಎಳೆಯುವುದರಲ್ಲಿ. ಆರ್ಗನ್ ಯಾವ ಶ್ರುತಿಯದ್ದೋ ಅದರಲ್ಲಿ ನುಡಿಸದೆ ಅದರ ಪಂಚಮವನ್ನು ಷಡ್ಜ ಮಾಡಿಕೊಳ್ಳುತ್ತಾರೆ. ಆಗ ಮುಖ್ಯ ಸ್ವರಗಳೆಲ್ಲ ಎಳೆಯುವ ಉಸಿರಿಗೆ ಬರುತ್ತವೆ, ಎಳೆಯುವಾಗ ನಾಲಗೆ, ಗಂಟಲು ಬದಲಿಸಿ ಸ್ವರವನ್ನು ಕೆಳಕ್ಕೆ ಜಗ್ಗಬಹುದು. ಚಕ್ರದ ಸದ್ದು ತುಂಡು ತುಂಡು ಉಸಿರು. ಸೀಟಿ ಎಂದರೆ ಅಂಗೈ ಬಟ್ಟಲು ಮಾಡಿ ಮುಚ್ಚಿ ತೆರೆಯುತ್ತಾ ಜಗ್ಗಿದ ಸ್ವರ. ನಡುನಡುವೆ ಆರ್ಗನ್ ಬಾಯಿಂದ ತೆಗೆದು ತಾವೇ 'ಹೂ' ಎಂದು ಕೂಗುತ್ತಾರೆ, ಎರಡಕ್ಕೂ ಮಧ್ಯೆ ಸಂದು ಕಾಣುವುದಿಲ್ಲ.

1938ರ ಡಿಸೆಂಬರಿನ ಆ ಕಾರ್ನೆಗಿ ಹಾಲ್ ಕಛೇರಿಯಲ್ಲಿ ರೊಸೆಟಾ ಮತ್ತು ಸನ್ನಿ ಟೆರಿ ಇಬ್ಬರೂ ಹಾಡಿದ್ದರು. ಇಪ್ಪತ್ತೈದು ವರ್ಷ ಕಳೆದು ಮ್ಯಾಂಚೆಸ್ಟರಿನ ಮಳೆಯಲ್ಲಿ ಮತ್ತೆ ಒಂದೇ ಪ್ಲಾಟ್‌ಫಾರ್ಮ್.

## ಸ್ವಲ್ಪ ಆಳಕ್ಕೆ

ರೊಸೆಟಾ ದೇವರ ಹಾಡು ಕ್ಲಬ್‌ನಲ್ಲಿ ಹಾಡಿದ್ದಕ್ಕೆ ಚರ್ಚ್‌ನವರು ಸಿಟ್ಟಾದ್ರಂತೆ. ರಾಗ ಒಂದೇ ಅಲ್ವಾ, ಏನು ತಪ್ಪು?

ರಾಗ ಒಂದೇ ಆಗಿದ್ದಕ್ಕೇ ಸಿಟ್ಟು. ಬೇರೆ ಆಗಿದ್ದರೆ ಗೋಡೆ ತಾನಾಗೇ ನಿಲ್ಲುತ್ತಿತ್ತು, ಒಂದೇ ಆದಾಗ ಅದನ್ನು ಕಾಯಬೇಕಾಗುತ್ತದೆ. ಗುಲಾಮಗಿರಿಯಿಂದ ಹೊರಬಂದ ಜನಕ್ಕೆ ಚರ್ಚ್ ಒಂದೇ ತಮ್ಮದು ಎನ್ನುವ ಜಾಗವಾಗಿತ್ತು. ಕುಡಿತ, ಜೂಜಿನ ಜಾಗದ ಹಾಡು ಅಲ್ಲಿಗೆ ಬರಬಾರದು, ಅಲ್ಲಿಯದು ಆ ಜಾಗಕ್ಕೆ ಹೋಗಬಾರದು. ಇದನ್ನು ಮಡಿವಂತಿಕೆ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ತಮ್ಮದು ಅನ್ನುವುದು ಅಷ್ಟು ಕಡಿಮೆ ಇದ್ದವರು ಅದನ್ನು ಕಾದುಕೊಂಡಿದ್ದರಲ್ಲಿ ಅರ್ಥವಿದೆ.

ಆದರೆ ಗೋಡೆಯಲ್ಲಿ ಮೊದಲಿನಿಂದಲೂ ಬಾಗಿಲಿತ್ತು. ಗಾಸ್ಪೆಲ್‌ನ ತಂದೆ ಎನ್ನಿಸಿಕೊಂಡ ಥಾಮಸ್ ಡಾರ್ಸಿ ಮೊದಲು ಬ್ಲೂಸ್ ಪಿಯಾನೊ ವಾದಕ. 'ಜಾರ್ಜಿಯಾ ಟಾಮ್' ಎಂಬ ಹೆಸರಲ್ಲಿ ಪೋಲಿ ಹಾಡುಗಳನ್ನೂ ಮುದ್ರಿಸಿದ್ದರು. 1932ರಲ್ಲಿ ಊರಾಚೆ ಇದ್ದಾಗ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡರು, ಮಗುವೂ ಉಳಿಯಲಿಲ್ಲ. ಆ ದುಃಖದಲ್ಲಿ ಕೂತು ಕಟ್ಟಿದ 'ಪ್ರೆಷಸ್ ಲಾರ್ಡ್' ಹಾಡನ್ನು ಗಾಸ್ಪೆಲ್ ಗಾಯಕಿ ಮಹೇಲಿಯಾ ಜಾಕ್ಸನ್ 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಅಂತ್ಯಕ್ರಿಯೆಯಲ್ಲಿ ಹಾಡಿದರು. ರೊಸೆಟಾ 1938ರಲ್ಲಿ ಮೊದಲು ಗೆದ್ದಿದ್ದೂ ಡಾರ್ಸಿ ಕಟ್ಟಿದ ಹಾಡಿನಿಂದಲೇ. ದೇವರೇ ನನ್ನನ್ನು ನಿನ್ನ ಮಡಿಲಲ್ಲಿ ಬಚ್ಚಿಟ್ಟುಕೋ ಎನ್ನುವ ಪ್ರಾರ್ಥನೆ ಅವರ ಬಾಯಲ್ಲಿ 'ರಾಕ್ ಮಿ' ಆಯಿತು. ತೊಟ್ಟಿಲು ತೂಗಿದ ಹಾಗೂ ಕೇಳುತ್ತದೆ, ಕುಣಿತಕ್ಕೆ ಕರೆದ ಹಾಗೂ ಕೇಳುತ್ತದೆ.

ಆ ಸಿಟ್ಟಿನ ಬೆಲೆಯನ್ನು ಅವರು ಜೀವನ ಪೂರ್ತಿ ಕೊಟ್ಟರು. ಚರ್ಚಿನವರಿಗೆ ಜಾಸ್ತಿ ಲೌಕಿಕ, ಕ್ಲಬ್ಬಿನವರಿಗೆ ಜಾಸ್ತಿ ದೈವಿಕ.

ರಾಕ್ ಆ್ಯಂಡ್ ರೋಲ್ ಶುರು ಮಾಡಿದ್ದು ಎಲ್ವಿಸ್ ಅಲ್ವಾ?

ಒಬ್ಬರೇ ಶುರು ಮಾಡಿದ್ದಲ್ಲ. ಆದರೆ ರೊಸೆಟಾ 'ಸ್ಟ್ರೇಂಜ್ ಥಿಂಗ್ಸ್ ಹ್ಯಾಪನಿಂಗ್ ಎವ್ರಿ ಡೇ' ಹಾಡನ್ನು ಮುದ್ರಿಸಿದ್ದು 1944ರಲ್ಲಿ, ಎಲ್ವಿಸ್‌ಗೆ ಆಗ ಒಂಬತ್ತು ವರ್ಷ. 1945ರಲ್ಲಿ ಅದು ಬಿಲ್‌ಬೋರ್ಡ್ ಪತ್ರಿಕೆಯ ಕಪ್ಪು ಸಂಗೀತದ ಪಟ್ಟಿಯಲ್ಲಿ 2ನೇ ಸ್ಥಾನಕ್ಕೆ ಏರಿತು. ಗಾಸ್ಪೆಲ್ ಹಾಡೊಂದು ಅಷ್ಟು ಮೇಲೆ ಹೋಗಿದ್ದು ದೊಡ್ಡ ಸುದ್ದಿ. ಅದರ ಗಿಟಾರ್, ಸ್ಯಾಮಿ ಪ್ರೈಸ್ ಅವರ ಪಿಯಾನೊ ಕೇಳಿ ಆಮೇಲೆ 1955ರ ಯಾವುದಾದರೂ ರಾಕ್ ಹಾಡು ಕೇಳಿ, ನಿಮಗೇ ಗೊತ್ತಾಗುತ್ತದೆ.

1947ರಲ್ಲಿ ಜಾರ್ಜಿಯಾದ ಮೇಕನ್ ಊರಲ್ಲಿ ಹದಿಹರೆಯದ ಹುಡುಗನೊಬ್ಬ ಹಾಡುವುದನ್ನು ಕೇಳಿ, ಅವನನ್ನು ತಮ್ಮ ವೇದಿಕೆಗೆ ಕರೆದು ಹಾಡಿಸಿದರು. ಅವನೇ ಮುಂದೆ ರಾಕ್ ಆ್ಯಂಡ್ ರೋಲ್ ತಾರೆ ಲಿಟಲ್ ರಿಚರ್ಡ್. ಅಮೆರಿಕದ ಕಂಟ್ರಿ ಗಾಯಕ ಜಾನಿ ಕ್ಯಾಶ್ ಕೂಡ ಇವರನ್ನು ತಮ್ಮ ಮೆಚ್ಚಿನ ಗಾಯಕಿ ಎಂದು ನೆನೆದಿದ್ದಾರೆ. ಆದರೂ ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ರೊಸೆಟಾ ಹೆಸರು ಸೇರಿದ್ದು 2018ರಲ್ಲಿ. ಅವರು ತೀರಿಕೊಂಡು ಹತ್ತಿರ ಹತ್ತಿರ 45 ವರ್ಷವಾಗಿತ್ತು. ಇದು ನನಗೆ ಈಗಲೂ ಬೇಸರದ ಮಾತು.

ಮೇಕೆ, ಕೋಳಿ, ಹಳೇ ಪೆಟ್ಟಿಗೆ... ಆ ಸೆಟ್ ಅವರಿಗೆ ಅವಮಾನ ಅಲ್ವಾ?

ಈ ಪ್ರಶ್ನೆ ಕೇಳಿದವರೆಲ್ಲರಿಗೂ ನನ್ನ ನಮಸ್ಕಾರ. ಹೌದು, ಕಸಿವಿಸಿ ಆಗುತ್ತದೆ. ಮಡ್ಡಿ ವಾಟರ್ಸ್ ಇಪ್ಪತ್ತು ವರ್ಷದಿಂದ ಶಿಕಾಗೊದಲ್ಲಿ ಇದ್ದವರು, ಒಳ್ಳೆ ಸೂಟ್ ಹೊಲಿಸಿಕೊಂಡು ಹಾಕುತ್ತಿದ್ದವರು. ರೊಸೆಟಾ ಸ್ಟೇಡಿಯಂ ತುಂಬಿಸಿದವರು. ಅವರನ್ನು ಕರೆತಂದು ಹಳ್ಳಿ ಸ್ಟೇಷನ್ನಿನ ಮೇಕೆಗಳ ಮಧ್ಯೆ ನಿಲ್ಲಿಸಿದ್ದು, ಕಪ್ಪು ಸಂಗೀತಗಾರ ಎಂದರೆ ಹೀಗೇ ಇರಬೇಕು ಎಂಬ ಬಿಳಿಯರ ಕಲ್ಪನೆ. ಯಾವ ಸ್ಥಿತಿಯನ್ನು ಬಿಟ್ಟು ಅವರು ರೈಲು ಹತ್ತಿದ್ದರೋ, ಅದನ್ನೇ ಸುಂದರ ಮಾಡಿ ಮತ್ತೆ ಅವರ ಹಿಂದೆ ಪರದೆ ಕಟ್ಟಿದ ಹಾಗಾಯಿತು.

ಇನ್ನೊಂದು ಮಗ್ಗುಲೂ ಇದೆ. ಅವರ ಸ್ವಂತ ದೇಶದಲ್ಲಿ ಆಗಿನ ಸ್ಥಿತಿ ಹೇಗಿತ್ತು? ಹೋಟೆಲು, ಊಟದ ಮನೆಗಳಲ್ಲಿ ಬಣ್ಣದ ಭೇದ ಮಾಡಬಾರದೆಂಬ ಕಾಯ್ದೆಗೆ ಅಮೆರಿಕದ ಅಧ್ಯಕ್ಷರು ಸಹಿ ಹಾಕಿದ್ದು 1964ರ ಜುಲೈ 2ರಂದು, ಈ ಕಛೇರಿ ಆಗಿ ಎರಡು ತಿಂಗಳಿಗೆ. ಅದಕ್ಕೆ ಮೊದಲು ರೊಸೆಟಾ ಜೊತೆ ಪ್ರವಾಸ ಮಾಡುತ್ತಿದ್ದ ಜಾರ್ಡನೇರ್ಸ್ ಎಂಬ ಬಿಳಿಯರ ಗಾಯನ ತಂಡದವರು ಊಟದ ಮನೆಯೊಳಗೆ ಹೋಗಿ ಇವರಿಗೆ ಊಟ ಕಟ್ಟಿಸಿಕೊಂಡು ಬರಬೇಕಿತ್ತು, ಇವರು ಬಸ್ಸಿನಲ್ಲೇ ತಿನ್ನುತ್ತಿದ್ದರು. ಅದೇ ಜಾರ್ಡನೇರ್ಸ್ ಮುಂದೆ ಎಲ್ವಿಸ್‌ಗೆ ಹಿನ್ನೆಲೆ ಹಾಡಿದರು. ಇಂಗ್ಲೆಂಡಿನಲ್ಲಿ ಇವರಿಗೆ ಗೌರವ ಸಿಕ್ಕಿತು, ಕೆಲಸ ಸಿಕ್ಕಿತು.

ನಾನು ಆ ವಿಡಿಯೊ ನೋಡುವಾಗ ಮೇಕೆಯನ್ನೂ ನೋಡುತ್ತೇನೆ, ಬೇಸರವನ್ನೂ ಪಡುತ್ತೇನೆ. ಗಿಟಾರ್ ಶುರುವಾದ ಮೇಲೆ ಸೆಟ್ಟಿನ ಕಡೆ ಕಣ್ಣು ಹೋಗುವುದಿಲ್ಲ. ಸೆಟ್ ಹಾಕಿದವರ ಕಲ್ಪನೆಗಿಂತ ಆ ಹೆಂಗಸು ದೊಡ್ಡವರು.

ಗಿಟಾರ್ ಕಲೀತಿದ್ದೀನಿ. ರೊಸೆಟಾ ಥರ ನುಡಿಸೋಕೆ ಎಲ್ಲಿಂದ ಶುರು ಮಾಡ್ಲಿ?

ಮ್ಯಾಂಚೆಸ್ಟರಿನಲ್ಲಿ ಅವರ ಕೈಲಿರುವುದು ಬಿಳಿ ಗಿಬ್ಸನ್ ಎಸ್‌ಜಿ ಕಸ್ಟಮ್, ಮೂರು ಪಿಕಪ್ಪಿನದು. ಆ ಗಿಟಾರೇ ಬೇಕೆಂದಿಲ್ಲ. ಅವರ ಬಲಗೈ ಬೇಕು. ಹಾಡಿಗೆ ಹಿಮ್ಮೇಳ ನುಡಿಸುವಾಗ ಮೀಟು ಗಟ್ಟಿ, ತುಂಡು ತುಂಡು. ಸೋಲೊ ಬಂದಾಗ ಒಂದೊಂದೇ ತಂತಿ ಬಿಡಿಸಿ, ಒಂದು ಸ್ವರವನ್ನೇ ನಾಲ್ಕು ಸಲ ಹೊಡೆದು ಆಮೇಲೆ ಜಗ್ಗುತ್ತಾರೆ.

ಜಗ್ಗುವುದರಲ್ಲೇ ನಮಗೊಂದು ಅನುಕೂಲವಿದೆ. ಬ್ಲೂಸ್‌ನ ಗಾಂಧಾರ ಸಾಧಾರಣವೂ ಅಲ್ಲ, ಅಂತರವೂ ಅಲ್ಲ. ಎರಡರ ನಡುವೆ ಎಲ್ಲೋ ತೂಗುತ್ತದೆ. ಪಿಯಾನೊದಲ್ಲಿ ಆ ಜಾಗಕ್ಕೆ ಮನೆಯೇ ಇಲ್ಲ, ಗಿಟಾರಿನಲ್ಲಿ ತಂತಿಯನ್ನು ಪಕ್ಕಕ್ಕೆ ತಳ್ಳಿ ಹಿಡಿಯಬೇಕು. ವೀಣೆಯಲ್ಲಿ ತಂತಿ ಎಳೆದು ಗಮಕ ತೆಗೆಯುವುದನ್ನು ನೋಡಿದವರಿಗೆ ಇದು ಕೂಡಲೇ ಹೊಳೆಯುತ್ತದೆ. ನಾನು ಮಾಡಿದ ಅಭ್ಯಾಸ ಹೇಳುತ್ತೇನೆ. ಮೂರನೇ ತಂತಿ, ಐದನೇ ಮನೆ. ಉಂಗುರದ ಬೆರಳಿನಿಂದ ಒತ್ತಿ, ಹಿಂದಿನ ಎರಡು ಬೆರಳನ್ನೂ ಅದಕ್ಕೆ ಆಸರೆ ಕೊಟ್ಟು, ಒಂದು ಕೂದಲೆಳೆಯಷ್ಟು ಮಾತ್ರ ತಳ್ಳಿ. ಅರ್ಧ ಸ್ವರದವರೆಗೆ ಹೋಗಬೇಡಿ. ಮೊದಲ ವಾರ ಬೆರಳ ತುದಿ ಉರಿಯುತ್ತದೆ. ಬಾಯಲ್ಲಿ ಆ ಸ್ವರ ಹಾಡಿಕೊಂಡೇ ತಳ್ಳಿ, ಕಂಠಕ್ಕೆ ಸಿಕ್ಕರೆ ಬೆರಳಿಗೂ ಸಿಗುತ್ತದೆ.

ನಮ್ಮ ಕಾಲೇಜ್ ಬ್ಯಾಂಡ್, ಒಂದು ಚರ್ಚ್ ಕಾಯಿರ್ ಸೇರಿ ಇಂಥ ಕಛೇರಿ ಮಾಡಬೇಕಂತ ಇದ್ದೀವಿ. ಏನು ನೋಡ್ಕೋಬೇಕು?

ಖಂಡಿತ ಮಾಡಿ. ನಮ್ಮ ಸಿಎಸ್‌ಐ ಚರ್ಚುಗಳ ಕಾಯಿರ್‌ಗಳಿಗೆ, ಅಂದ್ರೆ ಗುಂಪಾಗಿ ಹಾಡುವ ತಂಡಗಳಿಗೆ, ನಾಲ್ಕು ಸ್ವರದಲ್ಲಿ ಒಟ್ಟಿಗೆ ಹಾಡುವ ಅಭ್ಯಾಸ ಇರುತ್ತದೆ, ಅದು ದೊಡ್ಡ ಆಸ್ತಿ. ಆದರೆ ಅವರು ಪುಸ್ತಕ ನೋಡಿ ನಿಂತಲ್ಲೇ ಹಾಡುವವರು. ಪುಸ್ತಕ ಕೆಳಗಿಡಿಸಿ, ಒಂದು ತಿಂಗಳು ಚಪ್ಪಾಳೆ ಹೊಡೆಯುತ್ತಾ ತೂಗುವುದನ್ನು ರೂಢಿ ಮಾಡಿಸಿ. ಡ್ರಮ್ ಹೊಡೆಯುವ ಹುಡುಗನನ್ನು ತಗ್ಗಿಸುವುದೇ ಅತಿ ಕಷ್ಟದ ಕೆಲಸ. ಕಾಯಿರ್‌ನ ಮೈಕುಗಳು ದೂರದಿಂದ ಎಳೆಯುತ್ತವೆ, ಡ್ರಮ್ ಜೋರಾದರೆ ಆ ಮೈಕಿಗೂ ಡ್ರಮ್ಮೇ ಹೋಗುತ್ತದೆ, ಮಾತು ಕೇಳುವುದಿಲ್ಲ. ಕಾಯಿರನ್ನು ಡ್ರಮ್ಮಿನಿಂದ ಆದಷ್ಟು ದೂರ ನಿಲ್ಲಿಸಿ.

ಹಾಡುಗಳ ಸಾಲು ಹೀಗಿಟ್ಟರೆ ನನ್ನ ಅನುಭವದಲ್ಲಿ ಚೆನ್ನಾಗಿ ಕೂರುತ್ತದೆ. ಮೊದಲು ಒಬ್ಬರೇ, ವಾದ್ಯವಿಲ್ಲದೆ ಒಂದು ಹಳೇ ಪ್ರಾರ್ಥನೆ. ಆಮೇಲೆ ಗಿಟಾರ್ ಒಂದೇ ಇಟ್ಟುಕೊಂಡು ನಿಧಾನದ ಬ್ಲೂಸ್. ಬ್ಯಾಂಡ್ ಪೂರ್ತಿ ಬರುವುದು ಮೂರನೆಯದಕ್ಕೆ. ಕಾಯಿರನ್ನು ಅರ್ಧ ಕಛೇರಿ ಆಗುವವರೆಗೆ ಇಟ್ಟುಕೊಳ್ಳಿ, ಅವರು ಒಟ್ಟಿಗೆ ಬಾಯಿ ತೆರೆದ ಕ್ಷಣ ಸಭೆ ಎದ್ದು ಕೂರಬೇಕು.

ಒಂದು ಕೋರಿಕೆ. ಆ ಕಾಯಿರ್‌ನವರಿಗೆ ಅದು ಪ್ರಾರ್ಥನೆ, ವೇಷ ಅಲ್ಲ. ಯಾವ ಹಾಡನ್ನು ರಾಕ್ ಮಾಡಬಹುದು, ಯಾವುದನ್ನು ಮುಟ್ಟಬಾರದು ಎಂದು ಮೊದಲೇ ಅವರನ್ನು ಕೇಳಿ.

ಇದು ನೋಡಿ ಆಯ್ತು. ಮುಂದೆ ಏನು ಕೇಳಲಿ?

ಚರ್ಚಿನಲ್ಲೇ ಹಾಡಿ ಬೆಳೆದ ಗಾಯಕಿ ಅರೀತಾ ಫ್ರಾಂಕ್ಲಿನ್. 1971ರ ಮಾರ್ಚ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಫಿಲ್ಮೋರ್ ವೆಸ್ಟ್ ಸಭಾಂಗಣದಲ್ಲಿ ರಾಕ್ ಕೇಳುವ ಹುಡುಗರ ಮುಂದೆ ಚರ್ಚಿನಂತೆ ಹಾಡಿದರು, ಕೊನೆಯ ರಾತ್ರಿ ಗಾಯಕ ರೇ ಚಾರ್ಲ್ಸ್ ಅವರನ್ನು ವೇದಿಕೆಗೆ ಎಳೆದು ತಂದರು. 1972ರ ಜನವರಿಯಲ್ಲಿ ಲಾಸ್ ಏಂಜಲೀಸಿನ ಒಂದು ಚರ್ಚಿನಲ್ಲೇ ಎರಡು ರಾತ್ರಿ ಹಾಡಿದ್ದು 'ಅಮೇಜಿಂಗ್ ಗ್ರೇಸ್' ಆಲ್ಬಮ್ ಆಯಿತು. ಮೊದಲು ಫಿಲ್ಮೋರ್, ಆಮೇಲೆ ಚರ್ಚ್, ಈ ಸಾಲಿನಲ್ಲೇ ಕೇಳಿ. ನಂತರ ಸ್ಟೇಪಲ್ ಸಿಂಗರ್ಸ್. ಅಪ್ಪ ಪಾಪ್ಸ್ ಸ್ಟೇಪಲ್ಸ್ ಅವರ ನಡುಗುವ ಗಿಟಾರ್, ಮಗಳು ಮೇವಿಸ್ ಅವರ ತಗ್ಗು ದನಿ.

ಆಮೇಲೆ ರೊಸೆಟಾಗೆ ಏನಾಯ್ತು? ಆ ಸ್ಟೇಷನ್ ಈಗ ಇದೆಯಾ?

1970ರಲ್ಲಿ ಪಾರ್ಶ್ವವಾಯು ಹೊಡೆಯಿತು. ಸಕ್ಕರೆ ಕಾಯಿಲೆಯಿಂದ ಒಂದು ಕಾಲು ತೆಗೆಯಬೇಕಾಯಿತು. ಆದರೂ ಹಾಡುವುದು ಬಿಡಲಿಲ್ಲ. 1973ರ ಅಕ್ಟೋಬರ್ 9ರಂದು ಫಿಲಡೆಲ್ಫಿಯಾದಲ್ಲಿ ತೀರಿಕೊಂಡರು, ಇನ್ನೂ 58. ನಾರ್ತ್‌ವುಡ್ ಸ್ಮಶಾನದಲ್ಲಿ ಹೆಸರಿನ ಕಲ್ಲೂ ಇಲ್ಲದೆ ಮೂವತ್ತು ವರ್ಷಕ್ಕೂ ಜಾಸ್ತಿ ಮಲಗಿದ್ದರು. 2008ರಲ್ಲಿ ಅಭಿಮಾನಿಗಳು ಒಂದು ಕಛೇರಿ ಮಾಡಿ ದುಡ್ಡು ಕೂಡಿಸಿದರು, ಆಮೇಲೆ ಕಲ್ಲು ಬಂತು.

ಜನ ರೈಲು ಹತ್ತಿದ್ದ ಮ್ಯಾಂಚೆಸ್ಟರ್ ಸೆಂಟ್ರಲ್ 1969ರಲ್ಲಿ ಮುಚ್ಚಿತು, ಈಗ ಸಮ್ಮೇಳನಗಳು ನಡೆಯುವ ಸಭಾಂಗಣ. ವಿಲ್ಬ್ರಹಾಮ್ ರೋಡ್ ಕಡೆಯ ಹಳಿ ಕಿತ್ತಿದ್ದಾರೆ. ಅದೀಗ ಫಾಲೋಫೀಲ್ಡ್ ಲೂಪ್ ಎಂಬ ಸೈಕಲ್ ದಾರಿ, ಎರಡೂ ಕಡೆ ಮರ. ಮಳೆ ಬಂದರೆ ಸೈಕಲ್ಲಿನವರು ರಸ್ತೆ ಸೇತುವೆ ಕೆಳಗೆ ನಿಲ್ಲುತ್ತಾರೆ.